ಹಾರ್ಡ್ ಡಿಸ್ಕಿನ ಪಹಣಿ

ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ನೆಲೆಗೊಳಿಸುವ ರೂಢಿಯ ಬೇರನ್ನು, 1983ರ ಮಾರ್ಚ್‌ನಲ್ಲಿ ಐಬಿಎಂ ಹೊರತಂದ ಪಿಸಿ ಎಕ್ಸ್‌ಟಿ ಯಂತ್ರದಲ್ಲಿಯೂ ಅದರೊಡನೆ ಬಂದ ಡಾಸ್ 2.0ರಲ್ಲಿಯೂ ಗುರುತಿಸಬಹುದು. ಆ ಯಂತ್ರದ 10 ಮೆಗಾಬೈಟ್ ಹಾರ್ಡ್ ಡಿಸ್ಕಿನಲ್ಲಿ ಬೇರೆ ವ್ಯವಸ್ಥೆಗಳೂ ಪಾಲು ಕೇಳಬಹುದೆಂಬ ಎಣಿಕೆಯಿಂದ, ಡಿಸ್ಕಿನ ಮೊದಲ ಸೆಕ್ಟರಿನಲ್ಲಿ, ಎಂದರೆ 512 ಬೈಟ್‌ಗಳ ಮೊದಲ ತುಣುಕಿನಲ್ಲಿ, ಹಂಚಿಕೆಯ ಪಟ್ಟಿಯೊಂದನ್ನು ಇರಿಸಲಾಯಿತು. ಯಂತ್ರವನ್ನು ಎಬ್ಬಿಸುವ ಬೂಟ್ ಸಂಕೇತಕ್ಕೆ 446 ಬೈಟ್, ತಲಾ 16 ಬೈಟ್‌ನ ನಾಲ್ಕು ನಮೂದುಗಳಿಗೆ 64 ಬೈಟ್, ಕೊನೆಯ 2 ಬೈಟ್ ಗುರುತಿನ ಮುದ್ರೆಗೆ. ಡಿಸ್ಕಿನ ಒಂದೊಂದು ಪಾಲು, ಅಂದರೆ ಪಾರ್ಟಿಷನ್, ಎಲ್ಲಿ ಆರಂಭವಾಗಿ ಎಷ್ಟು ಹರಡಿದೆ ಎಂಬುದನ್ನು ಈ ನಮೂದುಗಳು ಹೇಳುತ್ತಿದ್ದವು. ಹೀಗಾಗಿ ಅದು ಪಹಣಿಯೇ ಹೊರತು ಬೇಲಿಯಲ್ಲ, ನೆರೆಯವರ ಪಾಲಿನೊಳಗೆ ಬರೆಯಹೊರಟವರನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ.

ಈ ಕೊರತೆಯ ಪೆಟ್ಟು ಬಲ್ಲವರಿಗೂ ತಪ್ಪಲಿಲ್ಲ. ಮಿನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇದ್ದ ಯಂತ್ರದಲ್ಲಿಯೇ ಲಿನಕ್ಸ್ ಎಂಬ ಇನ್ನೊಂದನ್ನು ಕಟ್ಟುತ್ತಿದ್ದ ಲಿನಸ್ ಟೋರ್ವಾಲ್ಡ್ಸ್, ಮೋಡೆಮ್‌ಗೆ ಕಳುಹಿಸಬೇಕಿದ್ದ ಡಯಲ್ ಆದೇಶವನ್ನು ಕೈತಪ್ಪಿ ಹಾರ್ಡ್ ಡಿಸ್ಕಿಗೆ ಕಳುಹಿಸಿ, ತಮ್ಮ ಮಿನಿಕ್ಸ್ ಪಾರ್ಟಿಷನ್ನನ್ನೇ ಕೆಡಿಸಿಕೊಂಡರು. ಅದನ್ನು ಮರಳಿ ಸ್ಥಾಪಿಸದೆ ಲಿನಕ್ಸನ್ನೇ ನೆಚ್ಚಿಕೊಂಡರೆಂಬುದು ಆ ನಷ್ಟದ ಲಾಭವೆನ್ನಬೇಕು.

1990ರ ದಶಕದಲ್ಲಿ ರಕ್ಷಣೆಯ ಉಪಾಯಗಳು ರೂಪುಗೊಂಡವು. ಅವುಗಳಲ್ಲಿ, ಡಾಸ್‌ನ ಪಾಲನ್ನು ಎರಡಾಗಿಸಿ ಇನ್ನೊಂದು ವ್ಯವಸ್ಥೆಗೆ ಜಾಗ ಮಾಡಿಕೊಡಲು ಆರ್ನೋ ಷೇಫರ್ ಬರೆದ ಫಿಪ್ಸ್ ಎಂಬ ಪುಟ್ಟ ತಂತ್ರಾಂಶದ ವಿವೇಕ ಎದ್ದು ಕಾಣುತ್ತದೆ. ಬಳಕೆದಾರರು ಮೊದಲು ಡಾಸ್‌ನ ಕಡತಗಳನ್ನೆಲ್ಲ ಡಿಸ್ಕಿನ ಮುಂಭಾಗಕ್ಕೆ ಒತ್ತರಿಸಿಡಬೇಕಿತ್ತು. ಬಳಿಕ ಫಿಪ್ಸ್ ಹಿಂಭಾಗ ನಿಜಕ್ಕೂ ಬರಿದಾಗಿದೆಯೇ ಎಂದು ಪರೀಕ್ಷಿಸಿ, ಹಳೆಯ ಸೆಕ್ಟರುಗಳ ಪ್ರತಿಯನ್ನು ‘ರೂಟ್‌ಬೂಟ್.000’ ಎಂಬ ಹೆಸರಿನಲ್ಲಿ ಫ್ಲಾಪಿಗೆ ಬರೆದುಕೊಡಲು ಮುಂದಾಗುತ್ತಿತ್ತು, ಆಮೇಲಷ್ಟೇ ಪಟ್ಟಿಯ ಅಂಕಿಗಳನ್ನು ತಿದ್ದುತ್ತಿತ್ತು. ಕಡತಗಳು ಇದ್ದಲ್ಲೇ ಇರುತ್ತಿದ್ದವು, ಬದಲಾಗುತ್ತಿದ್ದುದು ಗಡಿ ಮಾತ್ರ. ಎರಡು ವ್ಯವಸ್ಥೆಗಳಲ್ಲಿ ಒಂದನ್ನು ಆರಿಸಿಕೊಡುವ ಲೈಲೋ ಎಂಬ ಬೂಟ್ ಲೋಡರ್ ಕೂಡ, ಮೊದಲ ಸೆಕ್ಟರಿನಲ್ಲಿ ತಾನು ಕೂರುವ ಮುನ್ನ ಅಲ್ಲಿದ್ದುದನ್ನು ‘ಬೂಟ್.0300’ ಎಂಬಂಥ ಕಡತದಲ್ಲಿ ಕಾಪಿಡುತ್ತಿತ್ತು. ವಿಂಡೋಸ್ 95ರ ಸ್ಥಾಪನೆಗೆ ಈ ದಾಕ್ಷಿಣ್ಯವಿರಲಿಲ್ಲ. ಅದು ಬೂಟ್ ಸಂಕೇತದ ಜಾಗವನ್ನು ಕೇಳದೆಯೇ ವಶಪಡಿಸಿಕೊಂಡದ್ದರಿಂದ, ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಎಂಬ ಕ್ರಮ ರೂಢಿಗೆ ಬಂತು. ಎರಡು ಡಿಸ್ಕುಗಳುಳ್ಳವರು ಹಳೆಯ ಡಿಸ್ಕಿನ ಕೇಬಲ್ ಕಳಚಿಟ್ಟು ಹೊಸದರಲ್ಲಿ ಸ್ಥಾಪಿಸುವುದನ್ನು ಕಲಿತರು, ಈ ಎಲ್ಲ ಉಪಾಯಗಳಿಗಿಂತ ಅದೇ ಭದ್ರವಾದುದು.

ಹಳೆಯ ಪಟ್ಟಿ ಸುಮಾರು 2 ಟೆರಾಬೈಟ್‌ಗಿಂತ ಆಚೆಗಿನ ಡಿಸ್ಕನ್ನು ಅಳೆಯಲಾರದ್ದರಿಂದ ಅದರ ಸ್ಥಾನಕ್ಕೆ ಜಿಪಿಟಿ ಎಂಬ ಹೊಸ ಪಟ್ಟಿ ಬಂದಿದೆ. ಅದರ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಆದರೂ ಹಳೆಯ ತಂತ್ರಾಂಶಗಳು ಇಂಥ ಡಿಸ್ಕನ್ನು ಖಾಲಿಯೆಂದು ಭ್ರಮಿಸಿ ಅಳಿಸದಿರಲೆಂದು, ಡಿಸ್ಕ್ ಈಗಾಗಲೇ ಅನ್ಯರ ವಶದಲ್ಲಿದೆ ಎಂದು ಸಾರುವ ಒಂದು ನಮೂದನ್ನು ಇಂದಿಗೂ 1983ರ ಆ ಮೊದಲ ಸೆಕ್ಟರಿನಲ್ಲಿಯೇ ಬರೆಯಲಾಗುತ್ತದೆ.