ಕಕ್ಕಬೆಯ ಕಾಡು ಹೇಳುವ ಚರಿತ್ರೆ

ಕಾಡಿನ ನಡುವೆ ಕಾಲುದಾರಿ ಮಾಡಿ, ಅಲ್ಲಲ್ಲಿ ಶಿಲ್ಪಗಳನ್ನಿಟ್ಟು, ಮರದ ಹೆಸರನ್ನೂ ಊರಿನ ಕಥೆಯನ್ನೂ ಫಲಕಗಳಲ್ಲಿ ಬರೆದು ತೋರಿಸುವ ಕ್ರಮ ಇಂದು ಹಲವು ದೇಶಗಳಲ್ಲಿದೆ. ಪ್ರಕೃತಿ, ಕಲೆ, ಪರಂಪರೆ ಮೂರನ್ನೂ ಒಂದೇ ನಡಿಗೆಯಲ್ಲಿ ಅರಿಯಲಿ ಎಂಬುದು ಅದರ ಉದ್ದೇಶ. ನಾಪೋಕ್ಲು ದಾಟಿ ಕಕ್ಕಬೆಗೆ ಹೋದಾಗ ನಮಗೆ ಅನಿಸಿದ್ದಿಷ್ಟು: ಕೊಡಗಿನಲ್ಲಿ ಅಂಥ ಕಾಡನ್ನು ಯಾರೂ ಹೊಸದಾಗಿ ನಿರ್ಮಿಸಬೇಕಾಗಿಲ್ಲ. ಅದು ಶತಮಾನಗಳಿಂದ ಇಲ್ಲಿದೆ. ಇಲ್ಲದ್ದು ಫಲಕಗಳು ಮಾತ್ರ.

ಕೊಡಗಿನ ಅತ್ಯುನ್ನತ ಶಿಖರವಾದ ತಡಿಯಂಡಮೋಳ್ (1748 ಮೀಟರ್) ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆಯಿದೆ. ಅರಮನೆಯೆಂದರೆ ಮೈಸೂರಿನ ವೈಭವವನ್ನು ನೆನೆಯಬೇಡಿ. ಎರಡಂತಸ್ತಿನ ದೊಡ್ಡ ಮನೆಯಂತಿರುವ ಈ ಕಟ್ಟಡದಲ್ಲಿ ಮರದ ಕೆತ್ತನೆ ಮತ್ತು ಗೋಡೆಚಿತ್ರಗಳಿವೆ. 1788ರಲ್ಲಿ ಟಿಪ್ಪು ಸುಲ್ತಾನನ ಸೆರೆಯಿಂದ, ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ ಇದನ್ನು 1792ರಿಂದ 94ರ ನಡುವೆ ಕಟ್ಟಿಸಿದ. 1834ರಲ್ಲಿ ಬ್ರಿಟಿಷ್ ಸೈನ್ಯ ಮಡಿಕೇರಿಗೆ ಬಂದಾಗ ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲಿಯೇ. ಇಬ್ಬರು ಅರಸರೂ ನಂಬಿದ್ದು ಕೋಟೆಯ ಕಲ್ಲನ್ನಲ್ಲ, ಈ ಕಾಡಿನ ದಟ್ಟಣೆಯನ್ನು.

ಅಲ್ಲಿಂದ ಪಾಡಿಯ ಕಡೆ ಹೋದರೆ ಇಗ್ಗುತಪ್ಪನ ದೇವಸ್ಥಾನ. ಇಗ್ಗುತಪ್ಪ ಮಳೆ ಬೆಳೆಯ ದೇವರೆಂಬುದು ಕೊಡವರ ನಂಬಿಕೆ. ಸುಗ್ಗಿಯ ಹಬ್ಬವಾದ ಪುತ್ತರಿಯ ದಿನ, ಮುಹೂರ್ತ ನಿಗದಿಯಾಗುವುದು ಇಲ್ಲಿಯೇ. ಈ ದೇವರು ತನ್ನ ಒಡಹುಟ್ಟಿದವರೊಂದಿಗೆ ಮಲೆಯಾಳ ನಾಡಿನಿಂದ ಬಂದನೆಂದು ಐತಿಹ್ಯ ಹೇಳುತ್ತದೆ. ಘಟ್ಟದ ಆಚೆ ಈಚೆಗಿನ ಜನರ ಕೊಡುಕೊಳುಗೆ ಎಷ್ಟು ಹಳೆಯದೆಂಬುದಕ್ಕೆ ಈ ಕಥೆಯೂ ಒಂದು ಸಾಕ್ಷಿ.

ಕೊಡಗಿನ ಹಳ್ಳಿಹಳ್ಳಿಯಲ್ಲೂ ಇರುವ ದೇವರಕಾಡುಗಳನ್ನು ನೋಡದೆ ಈ ನಾಡು ಅರ್ಥವಾಗುವುದಿಲ್ಲ. ಊರಿನವರು ದೇವರಿಗೆಂದು ಬಿಟ್ಟ ಕಾಡು ಅದು. ಅಲ್ಲಿ ಕೊಡಲಿ ಹಾಕುವಂತಿಲ್ಲ. ಬೇಟೆಯ ದೇವರಾದ ಅಯ್ಯಪ್ಪನ ಕಾಡುಗಳಲ್ಲಿ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿರುತ್ತವೆ. ಮಳೆಗೆ ನೆನೆದು, ಪಾಚಿ ಹಿಡಿದು, ಕೊನೆಗೆ ಒಡೆದು ಅವು ಮಣ್ಣಿಗೇ ಸೇರುತ್ತವೆ. ಕುಂಬಾರನ ಕಲೆ, ಬೇಟೆಗಾರನ ನಂಬಿಕೆ, ಕಾಡಿನ ಮಣ್ಣು ಮೂರೂ ಇಲ್ಲಿ ಬೇರೆ ಬೇರೆಯಲ್ಲ.

ಆದರೆ ಚರಿತ್ರೆಯ ಇನ್ನೊಂದು ಮುಖ ಕಹಿಯಾದುದು. 1905ರಲ್ಲಿ ಕೊಡಗಿನ ದೇವರಕಾಡುಗಳ ವಿಸ್ತೀರ್ಣ 15,506 ಎಕರೆ. 1985ರ ವೇಳೆಗೆ ಉಳಿದದ್ದು ಸುಮಾರು 6,300 ಎಕರೆ. ಸಾವಿರದ ಇನ್ನೂರಕ್ಕೂ ಹೆಚ್ಚು ಕಾಡುಗಳ ಹೆಸರು ಪಟ್ಟಿಯಲ್ಲಿದೆ. ಹಲವು ಈಗ ಕೆಲವೇ ಮರಗಳ ತೋಪುಗಳು. ಕಾಫಿ ತೋಟ ಒಳಗೆ ಸರಿಯಿತು, ಮನೆಗಳು ಎದ್ದವು, ಮರದ ನೆರಳಿನಲ್ಲೇ ಪೂಜೆಗೊಳ್ಳುತ್ತಿದ್ದ ದೇವರಿಗೆ ಕಾಂಕ್ರೀಟಿನ ಗುಡಿ ಕಟ್ಟಲು ಮರವನ್ನೇ ಕಡಿದ ನಿದರ್ಶನಗಳೂ ಇವೆ. ಭಕ್ತಿ ಉಳಿದು ಕಾಡು ಹೋದರೆ ಹಿರಿಯರ ಕಟ್ಟಳೆಗೆ ಏನು ಅರ್ಥ?

ಈ ಪ್ರಶ್ನೆ ಕೊಡವರದು ಮಾತ್ರವಲ್ಲ. ನಾಪೋಕ್ಲು ಬಳಿಯ ಎಮ್ಮೆಮಾಡು ದರ್ಗಾದ ಉರೂಸಿಗೆ ಎಲ್ಲ ಸಮುದಾಯದವರೂ ಬರುತ್ತಾರೆ. ಕೊಡವ ಮನೆತನದ ಹೆಸರನ್ನು ಇಂದಿಗೂ ಉಳಿಸಿಕೊಂಡಿರುವ ಮುಸ್ಲಿಂ ಕುಟುಂಬಗಳು ಕೊಡಗಿನಲ್ಲಿವೆ. ಅವರೂ ಕುಡಿಯುವುದು ಇದೇ ಬೆಟ್ಟಗಳ ನೀರನ್ನು. ಮರದಲ್ಲಿ ದೇವರನ್ನು ಕಾಣುವುದು ನಮ್ಮ ವಿಶ್ವಾಸವಲ್ಲ, ನಿಜ. ಆದರೆ ಮರವನ್ನು ಕಾಯುವುದು ನಮ್ಮ ವಿಶ್ವಾಸಕ್ಕೆ ಹೊರತೂ ಅಲ್ಲ. ಪ್ರವಾದಿ ಮುಹಮ್ಮದ್(ಸ) ಮದೀನಾದ ಸುತ್ತಲಿನ ಪ್ರದೇಶವನ್ನು ಹರಮ್ ಎಂದು ಘೋಷಿಸಿ, ಅಲ್ಲಿ ಮರ ಕಡಿಯುವುದನ್ನೂ ಬೇಟೆಯನ್ನೂ ನಿಷೇಧಿಸಿದರು. ‘ಹಿಮಾ’ ಎಂಬ ಕಾಯ್ದಿಟ್ಟ ಹುಲ್ಲುಗಾವಲುಗಳ ಪದ್ಧತಿಯೂ ಇತ್ತು. ಒಂದೆರಡು ಜಾನುವಾರುಗಳ ಬಡವನನ್ನು ಒಳಗೆ ಬಿಡು, ಶ್ರೀಮಂತರ ಹಿಂಡುಗಳ ವಿಷಯದಲ್ಲಿ ಎಚ್ಚರವಿರಲಿ ಎಂದು ಖಲೀಫಾ ಉಮರ್(ರ) ಅದರ ಮೇಲ್ವಿಚಾರಕನಿಗೆ ತಾಕೀತು ಮಾಡಿದ್ದರು. ನಂಬಿಕೆ ಬೇರೆಯಾದರೂ ಫಲ ಒಂದೇ: ಎಲ್ಲರ ಸೊತ್ತನ್ನು ಬಲ್ಲಿದನೊಬ್ಬ ನುಂಗಬಾರದು.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಕುಟುಂಬವೇ ಮಣ್ಣಿನಡಿಯಾಯಿತು. ಕುಸಿಯುವ ಬೆಟ್ಟ ಯಾರ ಜಾತಿ ಮತವನ್ನೂ ಕೇಳುವುದಿಲ್ಲ.

ಕಕ್ಕಬೆಯ ಹೊಳೆ ಕಾವೇರಿಯನ್ನು ಸೇರುತ್ತದೆ. ಆ ನೀರು ತಮಿಳುನಾಡಿನವರೆಗೂ ಹರಿಯುತ್ತದೆ. ಪ್ರವಾಸಿಗರು ಅರಮನೆ ನೋಡಿ, ಬೆಟ್ಟ ಹತ್ತಿ, ಫೋಟೊ ತೆಗೆದು ಮರಳುತ್ತಾರೆ. ಅವರಿಗೆ ಈ ಕಾಡಿನ ಕಥೆ ಹೇಳುವವರು ಬೇಕು. ಆ ಕಥೆಯಲ್ಲಿ ಅರಸನಿರಲಿ, ಕುಂಬಾರನೂ ಇರಲಿ. ಇಗ್ಗುತಪ್ಪನೂ ಎಮ್ಮೆಮಾಡಿನ ಸೂಫಿಗಳೂ ಇರಲಿ. ಎಲ್ಲರೂ ತಮ್ಮದೆಂದು ಹೇಳುವ ಕಾಡನ್ನು ಕಡಿಯಲು ಬರುವವನು ಎಲ್ಲರಿಗೂ ಉತ್ತರ ಹೇಳಬೇಕಾಗುತ್ತದೆ. ದೇವರಕಾಡಿನ ಬೇಲಿ ಇದ್ದದ್ದು ಅಲ್ಲಿಯೇ, ಜನರ ಮನಸ್ಸಿನಲ್ಲಿ. ಅದನ್ನು ಮತ್ತೆ ಕಟ್ಟುವ ಕೆಲಸ ನಮ್ಮೆಲ್ಲರದು.