ತಾಂಡಾದ ಮಕ್ಕಳು ಮತ್ತು ಕನ್ನಡ ಅಕ್ಷರಕಲಿಕೆಯ ಕ್ರಮ

ಒಂದನೇ ತರಗತಿಗೆ ಬರುವ ಮಗು ಕನ್ನಡವನ್ನು ಮನೆಯಲ್ಲೇ ಕಲಿತು ಬಂದಿರುತ್ತದೆ ಎಂಬ ಎಣಿಕೆಯ ಮೇಲೆ ನಮ್ಮ ಓದು-ಬರಹದ ಪಾಠಗಳು ನಿಂತಿವೆ. ವಿಜಯಪುರ, ಕಲಬುರಗಿ, ಬಳ್ಳಾರಿ ಸೀಮೆಯ ಲಂಬಾಣಿ ತಾಂಡಾಗಳಲ್ಲಿ ಈ ಎಣಿಕೆ ನಿಲ್ಲುವುದಿಲ್ಲ. ಅಲ್ಲಿನ ಮನೆಮಾತು ಗೋರ್ ಬೋಲಿ. ರಾಜಸ್ಥಾನಿಗೆ ಹತ್ತಿರವಾದ ಇಂಡೋ-ಆರ್ಯನ್ ನುಡಿ. 2011ರ ಜನಗಣತಿ ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಲಂಬಾಣಿ ಭಾಷಿಕರನ್ನು ದಾಖಲಿಸಿತು, ಆದರೆ ಹಿಂದಿಯ ಲೆಕ್ಕದೊಳಗೆ.

ಈ ಮಕ್ಕಳ ತೊಡಕನ್ನು ಪದಸಂಪತ್ತಿನ ಕೊರತೆ ಎಂದಷ್ಟೇ ನೋಡುವ ರೂಢಿಯಿದೆ. ಧ್ವನಿವ್ಯವಸ್ಥೆಯ ಕಡೆಯಿಂದ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ವರ್ಣಮಾಲೆಯ ಹಳೆಯ ಅನುಕ್ರಮವನ್ನು ಬಿಟ್ಟು 'ರ, ಗ, ಸ, ದ, ಅ' ಎಂದು ಆರಂಭಿಸಿತು. ಬೇಗನೆ ಪದವಾಗಿ ಕೂಡುವ ಅಕ್ಷರಗಳು ಮುಂದೆ ಬಂದವು. ಅದು ದಿಟ್ಟ ಹೆಜ್ಜೆ, ಸರಿಯಾದ ಹೆಜ್ಜೆಯೂ ಹೌದು. ಆದರೆ ಅದರಿಂದ ಖ, ಘದಂಥ ಮಹಾಪ್ರಾಣಗಳು ಹಿಂದಕ್ಕೆ ಸರಿದವು. ಆಡುಗನ್ನಡದಲ್ಲಿ ಮಹಾಪ್ರಾಣ ವಿರಳವಾದ್ದರಿಂದ ಕನ್ನಡ ಮನೆಯ ಮಗುವಿಗೆ ಇದು ಒಗ್ಗುತ್ತದೆ. ಲಂಬಾಣಿ ಮಗುವಿಗಾದರೋ 'ಘರ್' (ಮನೆ), 'ಘೋಡೋ' (ಕುದುರೆ), 'ಖಾ' (ತಿನ್ನು) ಎಂಬವು ನಿತ್ಯದ ಮಾತುಗಳು. ಜೊತೆಗೆ, ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತ; ಗೋರ್ ಬೋಲಿಯಲ್ಲಿ ವ್ಯಂಜನಾಂತ ಪದಗಳು ಹೇರಳ. ಹೀಗಾಗಿ 'ಗರಗಸ'ವನ್ನು ಓದಲು ಕಲಿತ ಮಗು 'ಘರ್' ಬರೆಯಲು ಬಹಳ ಕಾಲ ಕಾಯಬೇಕು. ಬಾಯಿಗೆ ಸಲೀಸಾದದ್ದನ್ನೇ ಪಾಠವು 'ಕಠಿಣ' ಎಂದು ಮುಂದೂಡುತ್ತದೆ.

ಇಲ್ಲಿ ಒಂದು ದೊಡ್ಡ ಅನುಕೂಲವೂ ಉಂಟು. ಕರ್ನಾಟಕದಲ್ಲಿ ಗೋರ್ ಬೋಲಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲೇ. ಒಂದು ಭಾಷೆಯಲ್ಲಿ ಗಳಿಸಿದ ಓದಿನ ಸಾಮರ್ಥ್ಯ ಇನ್ನೊಂದಕ್ಕೆ ಒದಗುತ್ತದೆಂದು ದ್ವಿಭಾಷಾ ಶಿಕ್ಷಣದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ವಾದಿಸಿದರು. ಲಿಪಿಯೇ ಒಂದಾಗಿರುವಾಗ ಆ ದಾಟು ಇನ್ನಷ್ಟು ಹತ್ತಿರ. ತೀಜ್ ಹಬ್ಬದಲ್ಲಿ ಅಕ್ಕಂದಿರು ಹಾಡುವ ಹಾಡುಗಳು, ಹೋಳಿಯಲ್ಲಿ ಕೇಳಿಬರುವ ಲೇಂಗಿ ಹಾಡುಗಳು ಮಗುವಿನ ಕಿವಿಯಲ್ಲಿ ಆಗಲೇ ನೆಲೆಸಿವೆ. ಅವುಗಳ ನಾಲ್ಕು ಸಾಲು ಹಲಗೆಯ ಮೇಲೆ ಬಂದರೆ, ಮುಂದಿನ ಪದ ಯಾವುದೆಂದು ಮಗು ಊಹಿಸಬಲ್ಲದು. ಆ ಊಹೆ ಓದಿಗೆ ಆಸರೆಯಾಗುತ್ತದೆ. ಇದರಿಂದ ಕನ್ನಡ ಹಿಂದೆ ಬೀಳುತ್ತದೆಂಬ ಅಂಜಿಕೆಗೆ ಆಧಾರವಿಲ್ಲ; ಕಲಿತ ಅಕ್ಷರಗಳೆಲ್ಲ ಕನ್ನಡದವೇ ಅಲ್ಲವೆ?

ಇಂಥ ಯತ್ನ ಹೊಸದಲ್ಲ: ಒಡಿಶಾ 2006-07ರ ಸುಮಾರಿಗೇ ಆದಿವಾಸಿ ಮಕ್ಕಳಿಗೆ ಅವರ ನುಡಿಗಳಲ್ಲಿ ಪ್ರಾಥಮಿಕ ಪಾಠ ಆರಂಭಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣ ಒದಗಿಸಲು ಯತ್ನಿಸುವಂತೆ ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳಿದೆ. ತಾಂಡಾ ಶಾಲೆಗಳಿಗಾಗಿ ಅಕ್ಷರಕ್ರಮವನ್ನು ಮರುಜೋಡಿಸಿ, ತಾಂಡಾದ ಹಿರಿಯರನ್ನು ಕೂರಿಸಿಕೊಂಡು ಒಂದು ಪೂರಕ ವಾಚಿಕೆಯನ್ನು ಪಠ್ಯ ರಚನಾಕಾರರು ಈಗಲೇ ಸಿದ್ಧಪಡಿಸಬೇಕು.