ಸಂಕೋಲೆ ಮತ್ತು ವಾಕಿಂಗ್

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಲ್ಲಿ ನಾಯಿಗೆ ಹಗಲು ಸಂಕೋಲೆ, ರಾತ್ರಿ ಬಿಡುಗಡೆ. ಅಡಿಕೆ ಕಾಯಬೇಕು, ಹಂದಿ ಬಂದರೆ ಬೊಗಳಬೇಕು. ಅದನ್ನು ಹಿಡ್ಕೊಂಡು ವಾಕಿಂಗ್ ಹೋಗುವುದೆಂದರೆ ನಮ್ಮಜ್ಜಂದಿರು ನಗುತ್ತಿದ್ದರೇನೋ! ಸಂಕೋಲೆ ಇದ್ದದ್ದು ಕಟ್ಟಲಿಕ್ಕೆ, ನಡೆಸಲಿಕ್ಕಲ್ಲ. ಹಾಗಾಗಿ ರೇಬಿಸ್ ಚುಚ್ಚುಮದ್ದಿಗೆ ಹೊರಟ ದಿನ ಎಳೆದಾಟ, ಅದಕ್ಕೆ ಬೇಸತ್ತು ಚುಚ್ಚುಮದ್ದೇ ಬೇಡವೆನ್ನುವವರೂ ಇದ್ದಾರೆ.

ಜಗ್ಗಿ ಕಲಿಸುವುದು ನಮ್ಮೂರಿನದ್ದೇ ಕ್ರಮವೇನಲ್ಲ ಬಿಡಿ. ಜರ್ಮನಿಯಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸುತ್ತಿದ್ದ ಕೊನ್ರಾಡ್ ಮೋಸ್ಟ್ 1910ರಲ್ಲಿ ಬರೆದ ಪುಸ್ತಕದಲ್ಲೂ ಕುತ್ತಿಗೆ ಜಗ್ಗುವುದು ಮುಖ್ಯ ಪಾಠ. ದಾರಿ ಬದಲಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಒಬ್ಬರು. ನಾಯಿ ಸರಿಯಾದದ್ದು ಮಾಡಿದ ಕ್ಷಣವೇ ಟಿಕ್ ಎಂಬ ಸದ್ದು, ಹಿಂದೆಯೇ ತಿಂಡಿ ಅಂತ 1951ರಲ್ಲಿ ಬರೆದರು. ಕ್ಯಾರೆನ್ ಪ್ರಯರ್ 1984ರ ಪುಸ್ತಕದಲ್ಲಿ ಇದೇ ವಿಚಾರವನ್ನು ಮನೆಮನೆಗೆ ಮುಟ್ಟಿಸಿದರು.

ನಮ್ಮಲ್ಲಿ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದದ್ದರ ಫಲ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ. ತೀರಾ ಗಿಡ್ಡ ಅಥವಾ ಭಾರದ ಸಂಕೋಲೆಯಲ್ಲಿ ಅತಿಯಾದ ಹೊತ್ತು ಕಟ್ಟಿಡುವುದು ಮಾತ್ರವಲ್ಲ, ಸದಾ ಕಟ್ಟಿರುವ ನಾಯಿಯನ್ನು ಓಡಾಡಿಸದಿರುವುದೂ ಅದರ 11ನೇ ಸೆಕ್ಷನ್ ಪ್ರಕಾರ ತಪ್ಪು. ನಮ್ಮಲ್ಲಿ ಎಷ್ಟು ಮನೆಗೆ ಗೊತ್ತು?

ಕಲಿಸುವ ಲಾಜಿಕ್ ಸರಳ. ಎಳೆದರೆ ಮುಂದೆ ಹೋಗಬಹುದು ಅಂತಾದರೆ ನಾಯಿ ಎಳೆಯುತ್ತದೆ. ಹಗ್ಗ ಬಿಗಿಯಾದ ಕೂಡಲೇ ನಿಲ್ಲಿ, ಸಡಿಲವಾದರೆ ನಡೆಯಿರಿ. ಪಕ್ಕದಲ್ಲೇ ಬಂದರೆ ಬೇಯಿಸಿದ ಮೊಟ್ಟೆಯ ಚೂರು. ಮೊದಲು ಅಂಗಳದಲ್ಲಿ, ಐದೇ ನಿಮಿಷ. ಗೇಟಿನ ಹೊರಗೆ ಆಮೇಲೆ.